ತೊಳೆದಿಟ್ಟ ಕಕ್ಕಸು

ಆ ಶಾಲೆಯ ಆಯಾ ದಿನಾ ಬೆಳಿಗ್ಗೆ ಯಾರೂ ಹೋಗದ ಕಕ್ಕಸನ್ನು ತೊಳೆಯುತ್ತಿದ್ದಳು. ಹೊಸ ಟೈಲ್ಸು, ಹೊಸ ನಲ್ಲಿ, ಬಾಗಿಲಿಗೆ ಅಂಗೈಯಗಲದ ಬೀಗ. ಫಿನಾಯಿಲ್ ಸುರಿದು, ಪೊರಕೆ ಆಡಿಸಿ, ಬೀಗ ಜಡಿದು, ಬೀಗದ ಕೈಯನ್ನು ಹೆಡ್ಮಾಸ್ತರ ಮೇಜಿನ ಮೇಲಿಡಬೇಕು. ಸ್ವಚ್ಛ ಶಾಲೆ ಬಹುಮಾನಕ್ಕೆ ನೋಡಲು ಬರುವವರು ಯಾವತ್ತು ಬರುತ್ತಾರೋ ಗೊತ್ತಿಲ್ಲ, ಅಲ್ಲಿಯತನಕ ಒಂದು ಕಲೆ ಬೀಳಕೂಡದು ಎಂದು ಹೆಡ್ಮಾಸ್ತರ ಕಟ್ಟಪ್ಪಣೆ. ಹುಡುಗರು ಸಿಕ್ಕಸಿಕ್ಕಲ್ಲಿ ನಿಂತು ಮುಗಿಸುತ್ತಿದ್ದರು. ಹುಡುಗಿಯರು ಕಾಂಪೌಂಡಿನ ಹಿಂದಿನ ಪೊದೆಗೆ ಹೋಗಬೇಕು. ಅಂಥ ಬಹುಮಾನಕ್ಕಿಷ್ಟು ಬೆಂಕಿ ಹಾಕ.

ಆಯಾಳ ಮಗಳು ಅಲ್ಲೇ ಏಳನೇ ಕ್ಲಾಸು. ಒಂದು ದಿನ ಹೊಟ್ಟೆ ಹಿಡಿದುಕೊಂಡು ಓಡಿ ಬಂದಳು. ಬಾಗಿಲು ತೆರೆದೇ ಇತ್ತು, ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು.

"ಅಮ್ಮಾ, ತಡ್ಕೊಳ್ಳೋಕಾಗ್ತಿಲ್ಲ."

"ಈಗ್ತಾನೇ ತೊಳೆದಿದ್ದೀನಿ ಕಣೇ, ಹಿಂದಗಡೆ ಹೋಗು" ಅಂದಳು ತಾಯಿ, ಬಾಗಿಲಿಗೆ ಅಡ್ಡ ನಿಂತು.

ಹುಡುಗಿ ಹೋದಳು. ಹಿಂದಿನ ರಸ್ತೆಯಲ್ಲಿ ಲಾರಿ ನಿಲ್ಲಿಸಿಕೊಂಡಿದ್ದ ಇಬ್ಬರು ಸಿಳ್ಳೆ ಹೊಡೆದರು, ಒಬ್ಬ ಮೊಬೈಲು ಎತ್ತಿದ. ಮಗು ಅರ್ಧಕ್ಕೇ ಎದ್ದು, ಬಟ್ಟೆಯೆಲ್ಲ ಹೊಲಸಾಗಿ, ಮನೆಗೆ ಓಡಿತು. ಅವತ್ತಿನಿಂದ ಶಾಲೆಗೆ ಹೋಗುವುದಿಲ್ಲವೆಂದು ಹಟ. ಎಂಟು ದಿನ ಚೀಲ ಮುಟ್ಟಲಿಲ್ಲ, ತಾಯಿಯ ಹತ್ತಿರ ಮಾತೂ ಆಡಲಿಲ್ಲ.

"ಹೆಣ್ಮಕ್ಕಳು ಸ್ವಲ್ಪ ತಡ್ಕೊಳ್ಳೋದು ಕಲೀಬೇಕಮ್ಮ" ಅಂದರು ಹೆಡ್ಮಾಸ್ತರು, ಆಯಾ ಹೋಗಿ ನಡೆದದ್ದನ್ನು ಹೇಳಿಕೊಂಡಾಗ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಆ ಉರಿ ಅವರ ಮೇಲಿನದಕ್ಕಿಂತ ತನ್ನ ಮೇಲಿನದೇ ಹೆಚ್ಚಿತ್ತು.

ಒಂಬತ್ತನೆಯ ದಿನ, ನೋಡುವವರು ಇವತ್ತೇ ಬರುತ್ತಾರೆಂದು ಸುದ್ದಿ ಬಂತು. ಆಯಾ ತೊಳೆದಳು, ಬೀಗ ಮಾತ್ರ ಹಾಕಲಿಲ್ಲ. ಕ್ಲಾಸು ಕ್ಲಾಸಿಗೂ ಹೋಗಿ, "ಯಾರ್ಯಾರಿಗೆ ಹೋಗ್ಬೇಕೋ ಬನ್ರಮ್ಮ, ಹೆದರ್ಬೇಡಿ" ಅಂದಳು. ಸಾಲು ಅಂಗಳದವರೆಗೂ ಬೆಳೆಯಿತು. ಪಾಪ, ಎಷ್ಟು ದಿನದಿಂದ ಕಟ್ಟಿಕೊಂಡಿದ್ದವೋ.

ಸಾಹೇಬರು ಬಂದಾಗ ನೆಲದ ತುಂಬ ಕೆಸರು ಹೆಜ್ಜೆ, ಬಕೆಟ್ಟು ಖಾಲಿ, ಇನ್ನೂ ಆರು ಹುಡುಗಿಯರು ಸಾಲಿನಲ್ಲಿ. ಹೆಡ್ಮಾಸ್ತರ ಮುಖ ಇಂಗು ತಿಂದ ಮಂಗನಂತಾಯಿತು.

"ಏನೇ ಇದು ಗಲೀಜು?" ಎಂದು ಗದರಿದರು.

"ಕಕ್ಕಸು ಸಾರ್. ಇಷ್ಟು ದಿನ ಶೋಕೇಸಾಗಿತ್ತು, ಇವತ್ತು ಕಕ್ಕಸಾಯ್ತು. ಗಲೀಜಾದ್ರೆ ತೊಳೆಯೋಕೇ ಅಲ್ವಾ ನನ್ನ ಇಟ್ಕೊಂಡಿರೋದು? ಇನ್ನು ಇದಕ್ಕೆ ಬೀಗ ಹಾಕೋರು ನನ್ನ ದಾಟ್ಕೊಂಡು ಹಾಕ್ಲಿ."

ಸಾಹೇಬರು ಹಾಳೆಯಲ್ಲಿ ಏನೋ ಗೀಚಿ ಕಾರು ಹತ್ತಿದರು. ನಾಳೆಯಿಂದ ಕೆಲಸಕ್ಕೆ ಬರಬೇಡ ಅಂದರು ಹೆಡ್ಮಾಸ್ತರು.

ಸಂಜೆ ಮನೆಗೆ ಬಂದು ಅಷ್ಟನ್ನೂ ಒಂದೇ ಉಸಿರಿಗೆ ಹೇಳಿದಳು. ಮಗಳು ಗೋಡೆ ನೋಡುತ್ತ ಕೇಳಿಸಿಕೊಂಡಳು.

"ಅವತ್ತು ನನ್ನ ಹಿಂದಗಡೆ ಕಳಿಸಿದ್ದು ನೀನೇ ಅಲ್ವಾ?"

ಅಷ್ಟು ಜನರ ಮುಂದೆ ಬಾಯಿ ಮಾಡಿ ಬಂದವಳು ಇಲ್ಲಿ ಸಮಜಾಯಿಷಿ ಹೇಳಲು ಹೊರಟು ನಿಲ್ಲಿಸಿದಳು.

"ಹೌದು ಕಂದ, ನಾನೇ."

ಮಗಳು ಶಾಲೆಯ ಚೀಲವನ್ನು ಹತ್ತಿರ ಎಳೆದುಕೊಂಡಳು. ಆಮೇಲೆ, ಇನ್ನೂ ಮುಖ ತಿರುಗಿಸದೆ, "ನಾಳೆ ಬರ್ತೀನಿ. ನಾನು ಒಳಗಿದ್ದಾಗ ನೀನು ಬಾಗಿಲಲ್ಲಿ ನಿಂತಿರ್ಬೇಕು" ಅಂದಳು.

"ಕೆಲಸ ಇದ್ರೂ ನಿಲ್ತೀನಿ, ಇಲ್ದಿದ್ರೂ ನಿಲ್ತೀನಿ."