ಕಾಮೋರಿಕಿ ಅಜ್ಜನ ಗೋಡೆ

ಆ ವರ್ಷ ಫೆಬ್ರುವರಿಯ ಹುಣ್ಣಿಮೆಗೆ ಕಡಲು ಮನೆಯೊಳಕ್ಕೇ ಬಂತು. ಪಡುವಣ ಗಾಳಿಯೂ ಅದರ ಜೊತೆ ಸೇರಿಕೊಂಡಿತ್ತು. ನಮ್ಮ ದ್ವೀಪದ ಸೊಂಟ ತೀರಾ ಸಣ್ಣಗಾಗುವ ಜಾಗದಲ್ಲಿ ಅಲೆಗಳು ಈ ದಡದಿಂದ ಹತ್ತಿ ಆ ದಡಕ್ಕೆ ಇಳಿದುಹೋದವು. ನಡುವೆ ಇದ್ದದ್ದು ರನ್‌ವೇ. ನೀರಿಳಿದ ಮೇಲೆ ನೋಡಿದರೆ ಅದರ ಮೇಲೆ ಒಂದು ಗುಂಡಿ, ದೋಣಿಯೊಂದನ್ನು ಮಲಗಿಸುವಷ್ಟು.

ಟೆಬೋರಾ ಗುಂಡಿಯ ಅಂಚಿಗೇ ನಿಂತು ರೇಡಿಯೋದಲ್ಲಿ ರಾಜಧಾನಿಗೆ ಹೇಳಿದಳು: "ಇಳಿಯೋಕಾಗಲ್ಲ. ರನ್‌ವೇ ಬಂದ್ ಮಾಡಿದೀನಿ."

ನಮ್ಮ ವಿಮಾನ ನಿಲ್ದಾಣ ಅಂದರೆ ಟೆಬೋರಾನೇ. ತಗಡಿನ ಮಾಡು, ಒಂದು ತಕ್ಕಡಿ, ಒಂದು ರೇಡಿಯೋ, ಅಷ್ಟೇ. ವಿಮಾನ ಬರುವ ದಿನ ಹಂದಿ ನಾಯಿಗಳನ್ನು ಓಡಿಸುವವಳು ಅವಳು. ಜನರನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಗುವವಳು, "ಮದುವೆ ಊಟ ಮುಗಿಸ್ಕೊಂಡು ಬಂದಿದೀಯ, ನಿನ್ನ ಹೊಟ್ಟೆಗೇ ಬೇರೆ ಟಿಕೆಟ್ ಬೇಕು" ಎಂದು ರೇಗಿಸುವವಳೂ ಅವಳೇ.

ಗುಂಡಿಗೆ ನಾವು ಮರಳು ತುಂಬಿದೆವು. ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತಿತ್ತು. ಸಿಮೆಂಟು ತರಬೇಕಾದ ಹಡಗು ಎಂಜಿನ್ ಕೆಟ್ಟು ರಾಜಧಾನಿಯಲ್ಲೇ ನಿಂತಿತ್ತು. ಬಾವಿಗಳ ಉಪ್ಪುನೀರು ತೋಡಿ ಚೆಲ್ಲುವುದರಲ್ಲೇ ಎಲ್ಲರ ದಿನವೂ ಹೋಗುತ್ತಿತ್ತು. ವಿಮಾನದ ಅವಸರ ಯಾರಿಗೂ ಅಷ್ಟಿರಲಿಲ್ಲ.

ಅವಸರ ಬಂದದ್ದು ಅಮಾವಾಸ್ಯೆಯ ಬೆಳಿಗ್ಗೆ. ಟೆಬೋರಾಳ ತಂಗಿ ನನೋವಾಳಿಗೆ ನೋವು ಶುರುವಾಯಿತು. ಚೊಚ್ಚಲು. ಗಂಡ ಎಲ್ಲೋ ದೂರದ ಮೀನುಹಡಗಿನಲ್ಲಿ ಕೆಲಸಕ್ಕಿದ್ದ. ನಮ್ಮ ಆಸ್ಪತ್ರೆಯ ನರ್ಸ್ ಉರಿಯಾಮ್ ಸ್ವಲ್ಪ ಹೊತ್ತಿಗೇ ಹೊರಗೆ ಬಂದು, ಟೆಬೋರಾಳನ್ನು ತೆಂಗಿನ ಮರದ ಹಿಂದಕ್ಕೆ ಕರೆದೊಯ್ದ. ಅವನ ಮುಖ ನೋಡಿಯೇ ನಾವು ಮಾತು ನಿಲ್ಲಿಸಿದೆವು.

"ಅಕ್ಕ, ಮಗು ಅಡ್ಡ ಮಲಗಿದೆ. ಕೈ ಮೊದಲು ಹೊರಗೆ ಬಂದಿದೆ. ಇದು ನನ್ನ ಕೈಲಿ ಆಗೋದಲ್ಲ, ಕೊಯ್ದೇ ತೆಗೀಬೇಕು."

"ಇಲ್ಲೇ ಕೊಯ್ಯಿ."

"ಏನಕ್ಕ ಮಾತಾಡ್ತೀಯ? ಮೀನಾ ಅದು, ನಾನು ಕೊಯ್ಯೋಕೆ? ರಾಜಧಾನಿಗೆ ಕಳಿಸು. ಕತ್ತಲಾಗೋದ್ರೊಳಗೆ ಕಳಿಸದಿದ್ರೆ ಇಬ್ಬರೂ ಇರಲ್ಲ."

ಟೆಬೋರಾ ಓಡಿದಳು. ದಪ್ಪ ಹೆಂಗಸು ಆಕೆ. ಓಡಿದ್ದನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ. ರೇಡಿಯೋದಲ್ಲಿ ರಾಜಧಾನಿಯವರು ಹೇಳಿದರು, ಪೈಲಟ್ ಸಿಮೋನ್ ಪಕ್ಕದ ದ್ವೀಪಕ್ಕೆ ಹೊರಟಿದ್ದಾನೆ, ಮಧ್ಯಾಹ್ನ ಹಿಂತಿರುಗುವಾಗ ನಿಮ್ಮ ಮೇಲೆ ಹಾಯುತ್ತಾನೆ. ಗುಂಡಿ ಗಟ್ಟಿಯಾಗಿ ಮುಚ್ಚಿದ್ದರೆ ಇಳಿಯಬಹುದು. ಇಳಿಯುವುದು ಬಿಡುವುದು ಅವನಿಗೆ ಬಿಟ್ಟದ್ದು.

ಗಟ್ಟಿಯಾಗಬೇಕಾದರೆ ಕಲ್ಲು ಬೇಕು. ದಂಡೆಯ ಬಂಡೆ ಒಡೆದು ತರಲು ದಿನಗಟ್ಟಲೆ ಹಿಡಿಯುತ್ತದೆ. ಕಡಲಿಗೆ ಅಡ್ಡವಾಗಿ ಊರು ಕಟ್ಟಿದ್ದ ಕಲ್ಲುಗೋಡೆಗಳನ್ನೆಲ್ಲ ಹುಣ್ಣಿಮೆಯ ಕಡಲು ಎಳೆದುಕೊಂಡು ಹೋಗಿತ್ತು. ನಿಂತಿದ್ದದ್ದು ಒಂದೇ, ರನ್‌ವೇ ಪಕ್ಕದಲ್ಲಿ ಕಾಮೋರಿಕಿ ಅಜ್ಜನ ಗೋಡೆ. ಅವನ ಅಜ್ಜ ಕಟ್ಟಿದ್ದು. ಅದರ ಹಿಂದೆ ಅವನ ಕೆಸುವಿನ ಹೊಂಡ, ನೆಲದಡಿಯ ಸಿಹಿನೀರು ಸಿಗುವವರೆಗೆ ತೋಡಿ ಗೆಡ್ಡೆ ಬೆಳೆಯುವಂಥದ್ದು. ದ್ವೀಪದಲ್ಲಿ ಉಪ್ಪು ನುಗ್ಗದೆ ಉಳಿದ ಹೊಂಡವೂ ಅದೊಂದೇ. ಆಳೆತ್ತರದ ಎಲೆಗಳು, ಕೆಳಗೆ ಒಬ್ಬರೇ ಎತ್ತಲಾರದ ಗೆಡ್ಡೆಗಳು.

ನಾವು ಹೋಗುವಷ್ಟರಲ್ಲಿ ಸುದ್ದಿ ತಿಳಿದು ಅಜ್ಜ ಗೋಡೆಯ ಮೇಲೆ ಹತ್ತಿ ಕೂತಿದ್ದ.

"ಬನ್ನಿ, ಬನ್ನಿ. ಆಗ ನಮ್ಮಪ್ಪನ ತೋಟ ಕಡಿದು ನಿಮ್ಮ ವಿಮಾನಕ್ಕೆ ದಾರಿ ಮಾಡಿದ್ರಿ. ಈಗ ಅದರ ಹೊಟ್ಟೆಗೆ ನನ್ನ ಗೋಡೇನೂ ಬೇಕಾ?"

"ಅಜ್ಜ, ನನೋವಾ ಸಾಯ್ತಾಳೆ," ಎಂದಳು ಟೆಬೋರಾ.

"ಇವತ್ತು ಅಮಾವಾಸ್ಯೆ ಮಗಾ. ಸಂಜೆ ಉಬ್ಬರ. ಗೋಡೆ ತೆಗೆದ್ರೆ ಈ ಹೊಂಡ ಸಾಯುತ್ತೆ. ಒಂದು ಸಲ ಉಪ್ಪು ಕುಡಿದ ಹೊಂಡಕ್ಕೆ ನನ್ನ ಆಯಸ್ಸಲ್ಲಿ ಮತ್ತೆ ಜೀವ ಬರಲ್ಲ. ನಾಳೆ ಊರಿಗೆ ಊರೇ ಏನು ತಿನ್ನುತ್ತೆ?"

"ನಾನು ಕಟ್ಟಿಕೊಡ್ತೀನಿ. ಕಾಲಿಗೆ ಬೀಳ್ತೀನಿ."

"ಬೀಳಬೇಡ. ನೀನು ಕಾಲಿಗೆ ಬಿದ್ದು ನಾನು ಇಲ್ಲ ಅಂದ್ರೆ, ಆಮೇಲೆ ಇಬ್ಬರೂ ಈ ಊರಲ್ಲಿ ಬಾಳೋದು ಹೆಂಗೆ?"

ಅವನು ಕೆಟ್ಟವನಲ್ಲ. ಹುಣ್ಣಿಮೆಯ ರಾತ್ರಿಯಿಡೀ ಆ ಗೋಡೆಗೆ ಬೆನ್ನು ಕೊಟ್ಟು ನಿಂತವನು. ನಮ್ಮಲ್ಲಿ ಕೆಲವರು ಅವನನ್ನು ಎತ್ತಿ ಪಕ್ಕಕ್ಕಿಡೋಣ ಎಂದು ಗೊಣಗಿದರು. ಮುಟ್ಟುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.

ಅಷ್ಟರಲ್ಲಿ ಅವನ ಹೆಂಡತಿ ಟೈಟಿ ಅಜ್ಜಿ ಗೋಡೆಯ ಆ ತುದಿಗೆ ಹೋಗಿ ಒಂದು ಕಲ್ಲನ್ನು ಎರಡೂ ಕೈಯಿಂದ ಅಲ್ಲಾಡಿಸಿ ಕೆಡವಿದಳು.

"ಏ, ಏನು ಮಾಡ್ತಿದೀಯ?"

"ಆ ದೊಡ್ಡ ಗೆಡ್ಡೆ ಯಾಕೆ ಇಟ್ಟಿದೀರಿ, ಹೇಳಿ. ನಾನು ಸತ್ತಾಗ ಊರಿಗೆ ಬಡಿಸೋಕೆ ತಾನೆ?"

ಅಜ್ಜ ಹೊಂಡದ ಕಡೆ ತಿರುಗಿದ.

"ನನಗೆ ಬೇಡ. ಅನ್ನ, ಡಬ್ಬಿ ಮೀನು ಹಾಕಿ ಕಳಿಸಿ ಜನಾನ. 'ಟೈಟಿ ತಿಥಿ ಊಟ ಏನೂ ಸೊಗಸಿಲ್ಲ' ಅಂತ ಆಡ್ಕೊಳ್ಲಿ. ನನಗೆ ಕೇಳಿಸುತ್ತಾ? ಆ ಹುಡುಗಿ ಕಿರುಚೋದು ಈಗ ಕೇಳಿಸ್ತಿದೆ. ಇಳೀರಿ."

ಅಜ್ಜ ಇಳಿದ. ಮನೆಯೊಳಗೆ ಹೋಗಿ ಬಾಗಿಲಿಗೆ ಬೆನ್ನು ಹಾಕಿ ಕೂತ.

ನಾವು ಸಾಲಾಗಿ ನಿಂತು ಕಲ್ಲು ದಾಟಿಸಿದೆವು. ಪಾದ್ರಿ, ಮೇಷ್ಟ್ರು, ಶಾಲೆಯ ಮಕ್ಕಳು, ಎಲ್ಲರೂ. ಹವಳದ ಕಲ್ಲು ಅಂಗೈ ಸೀಳುತ್ತದೆ. ಕೊನೆಗೆ ಬಂದ ಕಲ್ಲುಗಳೆಲ್ಲ ಕೆಂಪಗಿದ್ದವು. ಮೇಲೆ ಜಲ್ಲಿ ಸುರಿದು, ಪಂಚಾಯಿತಿಯ ಲಾರಿಗೆ ಜನ ತುಂಬಿಸಿ ಹಿಂದೆ ಮುಂದೆ ಓಡಿಸಿದೆವು. ಲಾರಿ ಕುಸಿದಾಗಲೆಲ್ಲ ಮತ್ತೆ ಕಲ್ಲು. ಗೋಡೆ ಪೂರ್ತಿ ಮುಗಿದಾಗ ಲಾರಿ ಕುಸಿಯುವುದೂ ನಿಂತಿತು. ನನೋವಾಳನ್ನು ಚಾಪೆಯ ಮೇಲೆ ಹೊತ್ತು ತಂದು ತಗಡಿನ ಮಾಡಿನಡಿ ಮಲಗಿಸಿದರು. ಅವಳು ಕಿರುಚುವುದನ್ನು ಬಿಟ್ಟಿದ್ದಳು. ಕಿರುಚಾಟಕ್ಕಿಂತ ಅದೇ ನಮ್ಮನ್ನು ಹೆದರಿಸಿತು.

ವಿಮಾನ ಬಂತು. ತಗ್ಗಿನಲ್ಲಿ ಒಂದು ಸುತ್ತು ಹೊಡೆಯಿತು. ರೇಡಿಯೋದಲ್ಲಿ ಸಿಮೋನ್, "ಟೆಬೋರಾ, ಇಳೀಬಹುದಾ?" ಎಂದ.

ನಾವೆಲ್ಲ ಅವಳ ಬಾಯಿ ನೋಡುತ್ತಿದ್ದೆವು. ಹೂಂ ಎಂದರೆ ಸಾಕಿತ್ತು.

"ಗುಂಡಿ ಕಲ್ಲಲ್ಲಿ ಮುಚ್ಚಿದೀವಿ. ಲಾರಿ ತಡೀತು. ವಿಮಾನ ತಡೆಯುತ್ತೋ ಇಲ್ವೋ ಗೊತ್ತಿಲ್ಲ, ಸಿಮೋನ್."

"ನೋವಲ್ಲಿರೋದು ನಿನ್ನ ತಂಗಿ ಅಂದ್ರು."

"ಹೌದು."

"ಬೇರೆ ಯಾರಾದ್ರೂ ಆಗಿದ್ರೆ ನನ್ನ ಇಳಿಸ್ತಿದ್ಯಾ?"

ಟೆಬೋರಾ ಕಣ್ಣು ಮುಚ್ಚಿಕೊಂಡಳು. "ಗೊತ್ತಿಲ್ಲಪ್ಪ. ಇವತ್ತು ನನ್ನ ಮಾತು ನಂಬಬೇಡ. ನೀನೇ ನೋಡ್ಕೋ."

ವಿಮಾನ ರೆಕ್ಕೆ ಓರೆ ಮಾಡಿ ಕಡಲಿನತ್ತ ಹೋಯಿತು. ಚಿಕ್ಕದಾಯಿತು. "ಹೋದ," ಎಂದರು ಯಾರೋ. ಟೆಬೋರಾ ರೇಡಿಯೋವನ್ನು ಎದೆಗೊತ್ತಿಕೊಂಡು, "ಸುಳ್ಳು ಹೇಳಬೇಕಿತ್ತು, ಒಂದು ಸುಳ್ಳು ಹೇಳೋಕಾಗಲಿಲ್ಲ ನನ್ನ ನಾಲಿಗೆಗೆ" ಎಂದು ತನ್ನ ಬಾಯಿಗೆ ತಾನೇ ಬಡಿದುಕೊಂಡಳು.

ಆಮೇಲೆ ಸದ್ದು ಎದುರು ದಿಕ್ಕಿನಿಂದ ಬಂತು. ಸಿಮೋನ್ ಹೋಗಿರಲಿಲ್ಲ, ಗಾಳಿಗೆ ಮುಖ ಕೊಡಲು ಸುತ್ತಿ ಬಂದಿದ್ದ. ತೆಂಗಿನ ಗರಿಗಳನ್ನು ಸವರಿಕೊಂಡಂತೆ ಇಳಿದು, ನಾವು ಮುಚ್ಚಿದ ಜಾಗಕ್ಕೆ ಇನ್ನೇನು ಬರಬೇಕು ಅನ್ನುವಾಗ ನಿಂತ. ಕೆಳಗೆ ಹಾರಿ ಓಡಿಬಂದು ಹೊಸ ಕಲ್ಲಿನ ಮೇಲೆ ಕುಣಿದು ನೋಡಿದ.

"ಏರುವಾಗ ಇದನ್ನ ದಾಟಲೇಬೇಕು. ಭಾರ ಇದ್ರೆ ಆಗಲ್ಲ. ಎಲ್ಲಾ ಇಳೀರಿ!"

ಪಕ್ಕದ ದ್ವೀಪದಿಂದ ರಾಜಧಾನಿಗೆ ಹೊರಟಿದ್ದ ಪ್ರಯಾಣಿಕರು ಇಳಿದರು. ಗಂಟು ಮೂಟೆ, ಒಣಮೀನು, ಬುಟ್ಟಿಯಲ್ಲಿ ಕಟ್ಟಿದ್ದ ಹಂದಿಮರಿ ಎಲ್ಲವೂ ಇಳಿಯಿತು. ಒಬ್ಬ, "ನನ್ನ ಮಗಳ ಮದುವೆ ಕಣಯ್ಯ" ಎಂದು ಬಾಯಿ ತೆಗೆದವನು ಚಾಪೆಯ ಮೇಲಿನ ನನೋವಾಳನ್ನು ಕಂಡು ತಾನೇ ಒಂದು ತುದಿ ಹಿಡಿದು ಎತ್ತಿದ. ಉರಿಯಾಮ್ ಜೊತೆಗೆ ಹತ್ತಿದ. ಟೆಬೋರಾ ಬಾಗಿಲಲ್ಲಿ ಕಾಲಿಟ್ಟಳು.

"ನೀನು ಬೇಡಕ್ಕ," ಎಂದ ಸಿಮೋನ್ ಮೆಲ್ಲಗೆ.

ಇಷ್ಟು ವರ್ಷ ಊರನ್ನೆಲ್ಲ ತೂಗಿದವಳು. ಬಾಗಿಲಿಂದ ಕಾಲು ತೆಗೆದಳು.

ವಿಮಾನ ತುದಿಗೆ ಹೋಗಿ ತಿರುಗಿ ಓಡಿಬಂತು. ಕಲ್ಲಿನ ಮೇಲೆ ಚಕ್ರ ಹತ್ತಿದಾಗ ಒಮ್ಮೆ ಧಡ್ ಎಂದು ಜಿಗಿದು, ಒಂದು ರೆಕ್ಕೆ ನೆಲಕ್ಕೆ ವಾಲಿ, ಹಾಗೇ ಎದ್ದುಹೋಯಿತು.

ಸಂಜೆ ಉಬ್ಬರ ಬಂತು. ಅಬ್ಬರವೇನಿಲ್ಲ, ಗೋಡೆಯಿದ್ದ ಜಾಗದಲ್ಲಿ ನೀರು ನೆಂಟರ ಹಾಗೆ ನಡೆದುಬಂದು ಹೊಂಡಕ್ಕಿಳಿಯಿತು. ಕಾಮೋರಿಕಿ ಅಜ್ಜ ನೋಡುತ್ತ ನಿಂತಿದ್ದ. ಅವನ ಪಕ್ಕ ನಿಲ್ಲುವ ಮುಖ ನಮಗಿರಲಿಲ್ಲ.

ಮರುದಿನ ರೇಡಿಯೋ ಮಾತಾಡಿತು. ನನೋವಾ ಉಳಿದಿದ್ದಳು. ಮಗು ವಿಮಾನದಲ್ಲೇ ತೀರಿಹೋಗಿತ್ತು. ಗಂಡು.

ಸುದ್ದಿಯನ್ನು ಅಜ್ಜನಿಗೆ ಹೇಳಲು ಟೆಬೋರಾ ತಾನೇ ಹೋದಳು. ಜೊತೆಗೆ ನಾನೂ ಇದ್ದೆ. ಅವನು ಸೊಂಟದವರೆಗೆ ಉಪ್ಪುನೀರಿನಲ್ಲಿ ನಿಂತು, ಕೊಳೆಯುವ ಮೊದಲು ಗೆಡ್ಡೆಗಳನ್ನು ಕೀಳುತ್ತಿದ್ದ.

"ಮಗು ಉಳೀಲಿಲ್ಲ ಅಜ್ಜ."

ಅಜ್ಜ ಕೀಳುವುದನ್ನು ನಿಲ್ಲಿಸಿದ. ಅವನು ಬೈಯಲಿ ಎಂದು ನಾನು ಕಾಯುತ್ತಿದ್ದೆ. ಅವಳೂ ಕಾಯುತ್ತಿದ್ದಳು ಅನ್ನಿಸುತ್ತದೆ.

"ತಾಯಿ?"

"ಇದ್ದಾಳೆ."

"ಹಾಗಾದ್ರೆ ಸುಮ್ಮನೆ ನಿಂತೇನು ಮಾಡ್ತೀಯ? ಇಳಿ. ಇದು ಒಬ್ಬನ ಕೈಗೆ ಬರೋ ಗೆಡ್ಡೆ ಅಲ್ಲ. ವಿಮಾನ ಬಿಟ್ಟುಹೋದ ನಿನ್ನ ನೆಂಟರು ಚಾವಡೀಲಿ ಕೂತಿದಾರಲ್ಲ, ಹಂದಿಮರಿ ಸಮೇತ. ಅವರಿಗೆ ಬೇಯಿಸಿ ಹಾಕು."

ಟೆಬೋರಾ ಉಟ್ಟ ಬಟ್ಟೆಯಲ್ಲೇ ನೀರಿಗಿಳಿದಳು. ಗೆಡ್ಡೆಯ ಒಂದು ಬದಿಗೆ ಅವನು, ಇನ್ನೊಂದು ಬದಿಗೆ ಅವಳು. ಎಳೆಯುತ್ತ ಎಳೆಯುತ್ತಲೇ ಅವಳಿಗೆ ಅಳು ಬಂತು. ಹಿಂದಿನ ದಿನವಿಡೀ ಬಾರದ್ದು. ಅಜ್ಜ ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಎಳಿ," ಎಂದ. "ಅಳ್ತಾನೇ ಎಳಿ."

ನಾನೂ ಇಳಿದು ಬುಡಕ್ಕೆ ಕೈ ಹಾಕಿದೆ.