ಎರಡು ಗೆರೆ

ಮೂರು ತಿರುಪು ಬಿಚ್ಚಿದ್ದಾಯಿತು. ನಾಲ್ಕನೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮೊರೀನ್ ಅಪ್ಪನ ಶವಪೆಟ್ಟಿಗೆಯ ಮೇಲೆ ಮೊಣಕೈ ಊರಿ, ತುಟಿ ಕಚ್ಚಿಕೊಂಡು ಸ್ಕ್ರೂಡ್ರೈವರ್ ತಿರುಗಿಸುತ್ತಲೇ ಇದ್ದಳು. ಈ ಚಿಕ್ಕ ಕೋಣೆಯ ಗೋಡೆಯಾಚೆ ಪ್ರಾರ್ಥನಾಮಂದಿರ. ಜನ ಒಬ್ಬೊಬ್ಬರಾಗಿ ಬಂದು ಬೆಂಚುಗಳಲ್ಲಿ ಕೂರುವ ಸದ್ದು, ಕೆಮ್ಮು, ಕೊಡೆ ಕೊಡವುವ ಸದ್ದು. ಹನ್ನೊಂದಕ್ಕೆ ಪ್ರಾರ್ಥನೆ. ಇನ್ನು ಉಳಿದದ್ದು ಅರ್ಧ ಗಂಟೆ.

"ಕೊಡಿ ಮೇಡಂ, ನಾನು ಬಿಚ್ತೀನಿ," ಎಂದ ಡಕ್‌ವರ್ತ್. ಅಂತ್ಯಕ್ರಿಯೆಯ ಏರ್ಪಾಟೆಲ್ಲ ಅವನದೇ. "ಆದ್ರೆ ಹೆಸರಿನ ಹೊಸ ತಗಡು ಇವತ್ತು ಆಗೋ ಮಾತಲ್ಲ. ಕೆತ್ತೋ ಮಷೀನು ಇರೋದು ಮೂವತ್ತು ಮೈಲಿ ಆಚೆ. ತಪ್ಪು ತಿಳ್ಕೋಬೇಡಿ, ಫಾರ್ಮು ತುಂಬಿಕೊಟ್ಟಿದ್ದು ನೀವೇ."

ಹೌದು, ತುಂಬಿದ್ದು ಅವಳೇ. ತೀರಿಕೊಂಡವರ ಹೆಸರು ಅನ್ನುವ ಕಡೆ ವಿಲ್ಫ್ರೆಡ್ ಎಂದು ಬರೆದಿದ್ದಳು, ಅಲ್ಲಿಗೆ ಸರಿ. ಪಕ್ಕದ ಚೌಕದಲ್ಲಿ ಮನೆತನದ ಹೆಸರು. ಮೂವತ್ತೇಳು ವರ್ಷದಿಂದ ರೂಢಿಯಾದ ಕೈ, ಕಣ್ಣು ಮಂಜಾಗಿದ್ದಾಗ ತಾನಾಗಿಯೇ 'ಗ್ರೇ' ಎಂದು ಬರೆದುಬಿಟ್ಟಿತ್ತು. ಅವಳು ಮೊರೀನ್ ಗ್ರೇ. ಗ್ರೇ ಅವಳ ತಾಯಿಯ ತವರಿನ ಹೆಸರು. ಅಪ್ಪ ಅವನ ಎಂಬತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಗ್ರೇ ಆಗಿರಲಿಲ್ಲ. ಈಗ ಹಿತ್ತಾಳೆ ತಗಡಿನ ಮೇಲೆ ನುಣ್ಣಗೆ, ಅಂದವಾಗಿ, ವಿಲ್ಫ್ರೆಡ್ ಗ್ರೇ.

ಬಾಗಿಲು ತಳ್ಳಿಕೊಂಡು ಎಡ್ನಾ ಅತ್ತೆ ಒಳಗೆ ಬಂದಳು. ಅಪ್ಪನ ತಂಗಿ, ಎಂಬತ್ತನಾಲ್ಕು ವರ್ಷ, ಮದುವೆಯ ಗೊಡವೆಗೇ ಹೋಗದವಳು. ಕಂಕುಳಲ್ಲಿ ಉದ್ದನೆಯ ಒಂದು ಕಾಗದದ ಸುರುಳಿ. ಅದನ್ನು ಕಂಡದ್ದೇ ಮೊರೀನ್ ತಿರುಪಿನ ಕಡೆ ಕಣ್ಣು ತಿರುಗಿಸಿದಳು.

ಅತ್ತೆ ಕನ್ನಡಕ ಏರಿಸಿ ತಗಡು ಓದಿದಳು. ಇನ್ನೊಮ್ಮೆ ಓದಿದಳು.

"ಯಾರಿದು ಗ್ರೇ? ನಮ್ಮಣ್ಣನ ಪೆಟ್ಟಿಗೇಲಿ ಇನ್ಯಾರನ್ನೋ ತಂದು ಮಲಗಿಸಿದ್ದೀರೇನ್ರೀ?"

"ನಂದೇ ತಪ್ಪು ಅತ್ತೆ. ಕೈ ತಪ್ಪಿ..."

"ಕೈ ತಪ್ತಂತೆ! ನೀನು ಹೆಸರು ಬಿಟ್ಟಿದ್ದು ಸಾಲದೆ ಅವನಿಂದಲೂ ಬಿಡಿಸ್ತಿದ್ದೀಯಲ್ಲೇ!"

ಮೊರೀನ್ ಸ್ಕ್ರೂಡ್ರೈವರನ್ನು ಡಕ್‌ವರ್ತ್‌ನ ಕೈಗಿತ್ತಳು.

*

ಅವರ ಮನೆತನದ ಹೆಸರು ಔಲರ್‌ಬಾಟಮ್. ಲಂಕಾಷೈರಿನ ಆ ಗಿರಣಿಯೂರಿನ ಶಾಲೆಯಲ್ಲಿ ಅಂಥ ಹೆಸರು ಹೊತ್ತುಕೊಂಡು ಬೆಳೆಯುವುದೆಂದರೆ ಸುಮ್ಮನೆಯೇ? ಔಲ್ ಅಂದರೆ ಗೂಬೆ. ಬಾಟಮ್ ಏನೆಂದು ಯಾವ ಮಗುವಿಗೂ ಹೇಳಿಕೊಡಬೇಕಾಗಿರಲಿಲ್ಲ. ಹಾಜರಿ ಕರೆಯುವಾಗ ಮೊರೀನ್‌ಳ ಸರದಿ ಬಂತೆಂದರೆ ಹಿಂದಿನ ಬೆಂಚಿನಿಂದ ಗೂಬೆಯ ಕೂಗು, "ಹೂ... ಹೂ..." "ಗೂಬೆಕುಂಡಿ ಬಂದ್ಲು, ದಾರಿ ಬಿಡ್ರೋ!" ಟೀಚರು ಕೂಡ ನಗು ತಡೆಯಲು ಕೆಮ್ಮುತ್ತಿದ್ದರು.

ಅಪ್ಪ ಬಸ್ ಓಡಿಸುತ್ತಿದ್ದ. ಎದೆಯ ಮೇಲಿನ ಬಿಲ್ಲೆಯಲ್ಲಿ ಪೂರ್ತಿ ಹೆಸರು. ಬಸ್ಸು ಗುಡ್ಡ ಹತ್ತುವಾಗ ಹುಡುಗರು ಗೂಬೆಯಂತೆ ಕೂಗಿದರೆ, ಆ ಪುಣ್ಯಾತ್ಮ ಎರಡು ಸಲ ಹಾರ್ನ್ ಹೊಡೆದು ಉತ್ತರ ಕೊಡುತ್ತಿದ್ದ! ಮೊರೀನ್ ಸೀಟಿನ ಕೆಳಗೆ ಹುದುಗಿಕೊಳ್ಳುತ್ತಿದ್ದಳು.

"ಗೂಬೆ ಅಲ್ಲ ಕಣೇ ಅದು," ಎನ್ನುತ್ತಿದ್ದ ಅಪ್ಪ, ಅಡುಗೆಮನೆಯ ಮೇಜಿನ ಮೇಲೆ ಸುರುಳಿ ಬಿಚ್ಚುತ್ತ. ಗೋಡೆಗೆ ಅಂಟಿಸಿ ಮಿಕ್ಕಿದ ಹೂವಿನ ಕಾಗದ. ಅದರ ಬೆನ್ನ ಮೇಲೆ ಮಸಿಯಲ್ಲಿ ಮನೆತನದ ಬಳ್ಳಿ ಬರೆದಿದ್ದ. "ಔಲರ್ ಅಂದ್ರೆ ನಮ್ಮ ಹಳಬರ ಮಾತಲ್ಲಿ ಒಂದು ಮರ. ನೀರಲ್ಲೇ ನಿಂತಿದ್ರೂ ಕೊಳೆಯೋದಿಲ್ಲ. ಬಾಟಮ್ ಅಂದ್ರೆ ತಗ್ಗು, ಕಣಿವೆಯ ತಳ. ಆ ಮರಗಳ ತಗ್ಗಲ್ಲಿ ಐದು ಮನೆ ಇತ್ತು. ಐದೂ ನಮ್ದೇ."

ಮನೆಯ ಮಗ್ಗ ಹೊಟ್ಟೆಗೆ ಸಾಲದೆ ಹೋದಾಗ ಅವರು ತಗ್ಗು ಬಿಟ್ಟು ಗಿರಣಿಗಳ ಊರಿಗೆ ಇಳಿದರು. ಇಬ್ಬರು ಅಣ್ಣತಮ್ಮಂದಿರು ಹಡಗು ಹತ್ತಿ ಅಮೆರಿಕದ ಗಿರಣಿಗೆ ಹೋದರು. ಒಬ್ಬ ಕುರಿಯ ಉಣ್ಣೆ ಕತ್ತರಿಸಲು ಆಸ್ಟ್ರೇಲಿಯಾ ಸೇರಿದ. ಅಪ್ಪನ ಬೆರಳು ಆ ಹೆಸರುಗಳ ಮೇಲೆ ಹರಿಯುತ್ತಿತ್ತು. ಅವರೆಲ್ಲ ನಿನ್ನೆ ತಾನೇ ಅವನ ಬಸ್ಸಿನಿಂದ ಇಳಿದು ಹೋದವರೇನೋ ಅನ್ನುವ ಹಾಗೆ ಮಾತಾಡುತ್ತಿದ್ದ.

"ಇಲ್ಲಿ ಎರಡು ಗೆರೆ ಯಾಕಪ್ಪಾ?"

"ಇವನು ಅಮೆರಿಕಕ್ಕೆ ಹೋಗಿ ಆಲ್ಡನ್ ಅಂತ ಇಟ್ಕೊಂಡ. ಮದುವೆಯಾಗಿ ಹೋದವರಿಗೆ ಬಾಣ, ಅವರದ್ದು ಬೇರೆ ಮಾತು. ತಾನಾಗಿ ಹೆಸರು ಬಿಟ್ಟವನ ಕೆಳಗೆ ಎರಡು ಗೆರೆ. ಅಲ್ಲಿಗೆ ಆ ಕೊಂಬೆ ಮುಗೀತು."

ಲಂಡನ್ನಿನ ವಿಮಾ ಕಚೇರಿಯಲ್ಲಿ ಕೆಲಸ ಸಿಕ್ಕಿದ ವರ್ಷ, ಇಪ್ಪತ್ತೆರಡರ ಹುಡುಗಿ, ಮೊರೀನ್ ಕಾಗದಪತ್ರ ಮಾಡಿಸಿ ಗ್ರೇ ಆದಳು. ಮನೆಯಲ್ಲಿ ಒಂದು ಮಾತೂ ಹೇಳಲಿಲ್ಲ. ಆದರೆ ವಕೀಲರ ಲಕೋಟೆಯೊಂದು ಮನೆತನದ ಹಳೆಯ ಹೆಸರಷ್ಟೇ ಹೊತ್ತು ಹಳೆಯ ವಿಳಾಸಕ್ಕೆ ಹೋಯಿತು. ತನಗೇ ಬಂದದ್ದೆಂದು ಅಪ್ಪ ಒಡೆದು ಓದಿದ. ಆ ಸಂಜೆ ಫೋನು ಮಾಡಿದ.

"ನಿಮ್ಮಮ್ಮನ ಹೆಸರೂ ಒಳ್ಳೇ ಹೆಸರೇ," ಎಂದ. "ಬರೆಯೋಕೆ ಬೇಗ ಆಗುತ್ತೆ."

ಅಷ್ಟೇ. ಆಮೇಲೆ ಅವನು ಎಂದೂ ಆ ವಿಷಯ ಎತ್ತಲಿಲ್ಲ. ಅವಳೂ ಎಂದೂ ಆ ಸುರುಳಿ ಬಿಚ್ಚಿ ನೋಡಲಿಲ್ಲ. ತನ್ನ ಹೆಸರಿನ ಕೆಳಗೆ ಏನಿರುತ್ತದೆಂದು ಅವಳಿಗೆ ಗೊತ್ತಿತ್ತು.

*

"ಕೊನೆಗೂ ಬಂತು," ಎಂದ ಡಕ್‌ವರ್ತ್, ತಗಡನ್ನು ಕೈಗೆ ತೆಗೆದುಕೊಂಡು. "ಏನೂ ಬರೆಯದೆ ಹಾಗೇ ಇಟ್ಬಿಡೋಣವಾ?"

ಮೊರೀನ್ ತಗಡನ್ನು ಕಿತ್ತುಕೊಂಡು ಬೋರಲು ಹಾಕಿದಳು. ಹಿಂಭಾಗ ಖಾಲಿ. "ಚೂಪು ಮೊಳೆ ಇದ್ರೆ ಕೊಡಿ."

ಕಿಟಕಿಯ ಕಟ್ಟೆಯ ಮೇಲೆ ತಗಡಿಟ್ಟು ಗೀಚಲು ಕುಳಿತಳು. ವಿಲ್ಫ್ರೆಡ್ ಎಂದಾದ ಮೇಲೆ ಒಂದು ಸುತ್ತು ಎಳೆದು ಮನೆತನದ ಹೆಸರಿನ ಮೊದಲ ಅಕ್ಷರವೇನೋ ಮೂಡಿತು. ಅಲ್ಲಿಗೆ ಕೈ ನಿಂತಿತು. ಎಷ್ಟು ಸಹಿ ಹಾಕಿತ್ತು ಈ ಕೈ, ಎಷ್ಟು ಚೆಕ್ಕು, ಎಷ್ಟು ಪತ್ರ! ಇದೊಂದು ಹೆಸರು ಮಾತ್ರ ಬರಲೊಲ್ಲದು. ಕಿಟಕಿಯಾಚೆ ಸ್ಮಶಾನದ ಗೋಡೆ, ಅದರಾಚೆ ಕೆಳಗೆ ಜಲಾಶಯದ ನೀರು. ಗಿರಣಿಯೂರಿಗೆ ನೀರು ಬೇಕೆಂದು ಕಟ್ಟೆ ಹಾಕಿದಾಗ ಆ ತಗ್ಗು, ಆ ಐದು ಮನೆ ಎಲ್ಲವೂ ಅದರಡಿಗೆ ಹೋಗಿದ್ದವು.

ಮಳೆ ಕೈಕೊಟ್ಟ ಒಂದು ಬೇಸಗೆಯಲ್ಲಿ ಅಪ್ಪ ಫೋನು ಮಾಡಿದ್ದ. ಆ ದನಿ ಈಗಲೂ ಕಿವಿಯಲ್ಲಿತ್ತು. "ನೀರು ಇಳಿದಿದೆ ಕಣಮ್ಮಾ. ಗೋಡೆ ಕಾಣ್ತಿವೆ. ನಮ್ಮನೆ ಹೊಸ್ತಿಲು ಕೂಡ! ಅದರ ಮೇಲೆ ನಿಂತು ಬಂದೆ ನಾನು. ಭಾನುವಾರ ಬರ್ತೀಯಾ?"

"ಈ ವಾರ ಆಗಲ್ಲಪ್ಪಾ."

"ಪರವಾಗಿಲ್ಲ. ಮುಂದಿನ ವಾರ?"

ಮುಂದಿನ ವಾರವೂ ಆಗಲಿಲ್ಲ. ಅದರ ಮುಂದಿನ ವಾರ ಮಳೆ ಬಂತು. ಕೆಲಸವೇನೂ ಇರಲಿಲ್ಲ ಅವಳಿಗೆ. ಮೂರು ಗಂಟೆಯ ರೈಲು, ಅಷ್ಟೇ. ಅಪ್ಪನ ಜೊತೆ ಒಂದು ಹೊಸ್ತಿಲ ಮೇಲೆ ನಿಂತಿದ್ದರೆ ಅವಳ ಗಂಟೇನು ಹೋಗುತ್ತಿತ್ತು?

"ಬರಿಯೇ," ಎಂದಳು ಅತ್ತೆ, ಈಗ ಮೆತ್ತಗೆ. "ಅಕ್ಷರ ಸಣ್ಣಗಿರಲಿ, ಜಾಗ ಸಾಲಲ್ಲ. ನಮ್ಮ ಹೆಸರು ಯಾವ ಫಾರ್ಮಿನಲ್ಲೂ ಹಿಡಿದದ್ದಿಲ್ಲ."

ಮೊಳೆ ಜಾರಿ ಬೆರಳಿಗೆ ತಾಗಿತು. ಬರೆದಳು. ಅತ್ತೆ ಹೇಳಿದ್ದೇ ನಿಜ, ಕೊನೆಯ ಎರಡು ಅಕ್ಷರ ಅಂಚಿಗೆ ಬಂದು ಒಂದರ ಮೇಲೊಂದು ಬಿದ್ದವು. ಡಕ್‌ವರ್ತ್ ತಿರುಪು ಬಿಗಿದ.

ಆದರೆ ಪಾದ್ರಿಯ ಕೈಯಲ್ಲಿದ್ದ ಕಾಗದವನ್ನು ತಿದ್ದಲು ಯಾರಿಗೂ ನೆನಪಾಗಲಿಲ್ಲ. ಆಕೆ ಊರಿಗೆ ಹೊಸಬಳು. ಮೃದುವಾಗಿ ಶುರುಮಾಡಿದಳು: "ನಮ್ಮ ಸೋದರ ವಿಲ್ಫ್ರೆಡ್ ಗ್ರೇ ಅವರನ್ನು ಬೀಳ್ಕೊಡಲು..."

ಬೆಂಚುಗಳಲ್ಲಿ ಗುಸುಗುಸು ಎದ್ದಿತು. ಮೊರೀನ್ ಎದ್ದು ನಿಂತಳು.

"ಔಲರ್‌ಬಾಟಮ್," ಎಂದಳು. ಮುಂದಿನ ಸಾಲಿಗಷ್ಟೇ ಕೇಳಿಸಿತು. ಈ ಸಲ ಜೋರಾಗಿ ಅಂದಳು. "ಕ್ಷಮಿಸಿ. ಇವರು ವಿಲ್ಫ್ರೆಡ್ ಔಲರ್‌ಬಾಟಮ್."

ಆಗ ಹಿಂದಿನ ಸಾಲಿನಲ್ಲಿ ಅಪ್ಪನ ಜೊತೆ ಇಪ್ಪತ್ತು ವರ್ಷ ಕಂಡಕ್ಟರನಾಗಿದ್ದ ಮುದುಕ ಬಾಯಿಗೆ ಎರಡೂ ಕೈ ಗೂಡಿಸಿ ಮೆಲ್ಲಗೆ, "ಹೂ... ಹೂ..." ಎಂದ. ಯಾರೋ ಕಿಸಕ್ಕೆಂದರು. ಮತ್ತೊಬ್ಬರು. ಇಡೀ ಮಂದಿರ ನಕ್ಕಿತು, ನಗುನಗುತ್ತಲೇ ಮೂಗೊರೆಸಿಕೊಂಡಿತು. ಚಿಕ್ಕಂದಿನಲ್ಲಿ ಬೆಂಕಿ ಬಿದ್ದಂತೆ ಓಡುತ್ತಿದ್ದಳು ಮೊರೀನ್ ಆ ಸದ್ದಿಗೆ. ಇವತ್ತು ಅದು ಇನ್ನೊಂದು ಸಲ ಕೇಳಲೆಂದು ಕಾದಳು.

*

ಮಣ್ಣು ಮಾಡಿ ಬಂದ ಮೇಲೆ ಸಭಾಂಗಣದಲ್ಲಿ ಚಹಾ, ಹಂದಿಮಾಂಸದ ಸ್ಯಾಂಡ್‌ವಿಚ್ಚು. ಎಡ್ನಾ ಅತ್ತೆ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ನೀಲಿ ಚೌಕಡಿಯ ಮೇಜುಬಟ್ಟೆಯ ಮೇಲೆ ಸುರುಳಿ ಬಿಚ್ಚಿದಳು. ನಾಲ್ಕು ಮೂಲೆಗೆ ನಾಲ್ಕು ಚಹಾ ಕಪ್ಪು ಇಟ್ಟಳು.

"ಬೇಡ ಅತ್ತೆ. ಇವತ್ತು ಬೇಡ."

"ತನ್ನನ್ನು ಮಣ್ಣು ಮಾಡಿದ ದಿನ ಇದನ್ನು ಎಲ್ಲರೂ ನೋಡ್ಬೇಕು ಅಂತ ಅವನೇ ಹೇಳಿದ್ದು. ಅವನು ತೀರಿಕೊಂಡ ವರ್ಷ ಬರೀಬೇಕು, ಬಾ. ನನ್ನ ಕೈ ನಡುಗುತ್ತೆ, ನೀನೇ ಬರಿ. ಈ ಊರಲ್ಲಿ ಇನ್ನು ನಾನೊಬ್ಳೇ ಗೂಬೆ."

ಜನ ಸುತ್ತ ನೆರೆದರು. ಓಡಿಹೋಗಲು ದಾರಿ ಇರಲಿಲ್ಲ. ಎಲ್ಲರ ಮುಂದೆ ಆ ಎರಡು ಗೆರೆ ನೋಡಲೇಬೇಕು. ಮೊರೀನ್ ಪೆನ್ನು ಹಿಡಿದು ಬಗ್ಗಿದಳು. ಐದು ಮನೆ, ಹಡಗು, ಗಿರಣಿ, ಎಲ್ಲ ಅಪ್ಪನ ಗುಂಡು ಅಕ್ಷರ, ಎಲ್ಲ ಮಸಿಯಲ್ಲಿ. ಆಲ್ಡನ್, ಕೆಳಗೆ ಎರಡು ಗೆರೆ. ಇನ್ನೊಬ್ಬ, ಎರಡು ಗೆರೆ. ಎಲ್ಲಕ್ಕಿಂತ ಕೆಳಗೆ ವಿಲ್ಫ್ರೆಡ್. ವರ್ಷ ಬರೆದಳು. ಆಮೇಲೆ ಒಂದು ಅಂಗುಲ ಕೆಳಗೆ ಕಣ್ಣಿಳಿಸಿದಳು.

ಮೊರೀನ್.

ಅದರ ಕೆಳಗೆ ಗೆರೆಯಿರಲಿಲ್ಲ. ಇದ್ದದ್ದು ಗೆರೆಗಳ ಕಲೆ. ಅಪ್ಪ ಪೆನ್ಸಿಲ್ಲಿನಲ್ಲಿ ಎಳೆದು, ರಬ್ಬರಿನಿಂದ ಉಜ್ಜಿ, ಮತ್ತೆ ಎಳೆದು ಮತ್ತೆ ಉಜ್ಜಿದ ಬೂದು ಕಲೆ. ಒಂದು ಸಲವಲ್ಲ, ಹತ್ತು ಸಲವೂ ಅಲ್ಲ. ಅವಳು ಬೆರಳು ಚಾಚಿದಳು.

"ಮುಟ್ಟಬೇಡ್ವೇ," ಎಂದಳು ಅತ್ತೆ. "ಹರಿದುಹೋಗುತ್ತೆ."

ಅಷ್ಟು ಜಾಗದಲ್ಲಿ ಕಾಗದ ಸವೆದು ಸವೆದು ಈರುಳ್ಳಿ ಸಿಪ್ಪೆಯಂತಾಗಿತ್ತು. ಅದರ ಮೂಲಕ ಕೆಳಗಿನ ಮೇಜುಬಟ್ಟೆಯ ನೀಲಿ ಕಾಣುತ್ತಿತ್ತು.