ಚಿಕ್ಕಮುನಿಯಪ್ಪನ ಕರಿಗಾಲು

ಕಾಲ ಕೆಟ್ಟುಹೋಯಿತು ಎಂದು ಗೋಳಾಡುವವರು ಊರಿಗೆ ನೂರು ಜನ ಸಿಗುತ್ತಾರೆ. ಇದು ಕಾಲೇ ಕೆಟ್ಟುಹೋದ ಒಬ್ಬನ ಕಥೆ. ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ; ನಗು ಬಂದರೆ ನಗಬಹುದು, ಆದರೆ ಕೊನೆಯವರೆಗೂ ತಡೆದುಕೊಂಡರೆ ಒಳ್ಳೆಯದು.

ಕೋಲಾರದ ಚಿನ್ನದ ಗಣಿಯ ನಂದಿದುರ್ಗ ಕೂಲಿ ಲೈನುಗಳಲ್ಲಿ ಚಿಕ್ಕಮುನಿಯಪ್ಪನ ಮನೆ ಹುಡುಕಲು ಮೂಗೊಂದಿದ್ದರೆ ಸಾಕಿತ್ತು. ರಾಬರ್ಟ್‌ಸನ್‌ಪೇಟೆಯಲ್ಲಿ ಅವನು ಕೊಂಡಿದ್ದ ಹಳೇ ಬೂಟು ಯಾವನೋ ಬಿಳಿ ದೊರೆ ತೊಟ್ಟು ಬಿಸಾಕಿದ್ದು. ಅವನ ಪಾದಕ್ಕೆ ಒಂದು ಬೆರಳಿನಷ್ಟು ಗಿಡ್ಡ. ಅದನ್ನೇ ತೊಟ್ಟು ದಿನವೂ ಪಾತಾಳಕ್ಕಿಳಿದು, ಬೆವರೋ ಬಂಡೆಯ ನೀರೋ ತಿಳಿಯದ ಕೊಚ್ಚೆಯಲ್ಲಿ ಎಂಟು ಗಂಟೆ ನಿಲ್ಲುತ್ತಿದ್ದ. ಹೆಬ್ಬೆರಳಿನ ಬುಡದಲ್ಲಿ ಕಡಲೆಕಾಳಿನಷ್ಟು ಆಣಿ, ಹಿಮ್ಮಡಿಯ ತುಂಬ ಎಮ್ಮೆ ತೊಗಲಿನಂಥ ಜಡ್ಡು. ನಡೆದರೆ ಬಲಗಡೆಗೆ ವಾಲುತ್ತಿದ್ದ. ಬೂಟು ಕಳಚಿದರೆ ನಾಯಿಯೂ ಎದ್ದುಹೋಗುತ್ತಿತ್ತು.

ಪಕ್ಕದ ಮನೆಯ ಸೀನಪ್ಪ ಮಾತ್ರ ಎದ್ದುಹೋಗುತ್ತಿರಲಿಲ್ಲ. ಇಬ್ಬರೂ ಒಂದೇ ಹಳ್ಳಿಯಿಂದ ಒಂದೇ ವರ್ಷ ಗಣಿಗೆ ಬಂದವರು. ಎರಡು ಮನೆಗಳ ನಡುವೆ ಇದ್ದದ್ದು ಒಂದು ಬಿದಿರ ತಟ್ಟಿ. ಸೀನಪ್ಪನ ಗಂಟಲಲ್ಲಿ ಊರೇ ಇತ್ತು. ಆಳುಗಳನ್ನು ಗಣಿಗಿಳಿಸುವ ಕೇಜಿನ ಗಂಟೆ, ಮೇಸ್ತ್ರಿಯ ಕೆಮ್ಮು, ದೊರೆಯ ಬೈಗುಳ ಎಲ್ಲ ಅವನ ಬಾಯಲ್ಲಿ ಹುಟ್ಟುತ್ತಿದ್ದವು.

"ಯೂ ಮುನಿಯಾಪ್ಪಾ! ಸುರಂಗ್‌ಮೇ ಇಲಿ ಸತ್ತಾ ಹೈ? ಫೈಂಡ್ ಇಟ್!" ಎಂದು ಕತ್ತಲಲ್ಲಿ ದೊರೆಯ ದನಿ ಕೇಳಿ ಚಿಕ್ಕಮುನಿಯಪ್ಪ ಅದೆಷ್ಟು ಸಲ ಸಲಾಮು ಹೊಡೆದಿದ್ದನೋ.

ಆದರೆ ಹೋದ ದೀಪಾವಳಿಯಿಂದ ಅವನಿಗೆ ಈ ತಮಾಷೆ ರುಚಿಸುತ್ತಿರಲಿಲ್ಲ. ಒಬ್ಬಳೇ ಮಗಳು ಗಂಗರತ್ನಮ್ಮನನ್ನು ಬಂಗಾರಪೇಟೆಗೆ ಕೊಟ್ಟಿದ್ದ. ಆಗ ಅದು ಬೌರಿಂಗ್‌ಪೇಟೆ. ಹಬ್ಬಕ್ಕೆ ಹೋಗಿ ಬಾಗಿಲಲ್ಲಿ ಬೂಟು ಕಳಚಿದಾಗ ಅವಳ ಅತ್ತೆ ವೆಂಕಟರತ್ನಮ್ಮ ಮೂಗಿಗೆ ಸೆರಗು ಹಿಡಿದು ಅವನ ಪಕ್ಕದಲ್ಲೇ ಸಾಂಬ್ರಾಣಿ ಹಾಕಿಸಿದರು. ಮಗಳು ಸ್ಟೇಷನ್ನಿನವರೆಗೂ ಬಂದಳು. ಆಗಲೇ ಬಸುರಿ. ತಾಯಿಯಿಲ್ಲದ ತವರಲ್ಲಿ ಬಾಣಂತನ ಮಾಡುವವರಿಲ್ಲವೆಂದು ಹೆರಿಗೆಯೂ ಅತ್ತೆಮನೆಯಲ್ಲೇ ಎಂದು ನಿಶ್ಚಯವಾಗಿತ್ತು.

"ನಾಮಕರಣಕ್ಕೆ ಬಾರಪ್ಪ," ಎಂದಳು. ರೈಲು ಹೊರಡುವಾಗ ತಲೆ ತಗ್ಗಿಸಿ, "ಕಾಲಿಗೆ ಏನಾರ ಮಾಡ್ಕಂಡು ಬಾ. ಮಗೂನ ನಿನ್ನ ಮಡ್ಲಿಗೆ ಆಕ್ಬೇಕು ಅಂತ ನಂಗಾಸೆ."

ಅಂದಿನಿಂದ ಅವನ ಮನೆ ಮದ್ದಿನ ಮನೆಯಾಯಿತು. ಸುಣ್ಣಕ್ಕೆ ಬೆಲ್ಲ ಕಲಸಿ ಆಣಿಗೆ ಕಟ್ಟಿದ. ಎಕ್ಕದ ಹಾಲು ಬಿಟ್ಟ. ಬೇವಿನ ನೀರಲ್ಲಿ ಕಾಲಿಟ್ಟು ಕೂತ. ಆಣಿ ಸುಟ್ಟಿತೇ ಹೊರತು ಉದುರಲಿಲ್ಲ. ವಾಸನೆ ಬೇವನ್ನೂ ನುಂಗಿತು. ಮಗು ಹುಟ್ಟಿದ ಸುದ್ದಿ ಬಂದಾಗ ರಾಬರ್ಟ್‌ಸನ್‌ಪೇಟೆಯ ಬೇರುನಾರಿನ ಅಂಗಡಿಯ ಪೆರುಮಾಳ್ ಮುಂದೆ ನಿಂತ.

"ಅಣ್ಣೇ, ತೊಗಲು ನಾರಬಾರದು ಅಂತ ತೋಲು ಹದ ಮಾಡೋರು ಏನು ಪೋಡ್ತಾರೆ? ತಂಗಡಿ ಗಿಡದ ಚಕ್ಕೆ!" ಎಂದ ಪೆರುಮಾಳ್. "ಉನ್ ಕಾಲೂ ತೋಲುದಾನೇ! ಚಕ್ಕೆ ಕುದಿಸಿ, ಪಟಿಕ ಆಕಿ, ಕಾಲು ಇಳಿಬಿಟ್ಟು ಕೂತ್ಕೋ."

ನಾಮಕರಣದ ಹಿಂದಿನ ದಿನ, ಶನಿವಾರ, ಎರಡು ಮನೆಗೂ ಸೇರಿದ ಹಿತ್ತಿಲ ಒಲೆಯ ಮೇಲೆ ಚಕ್ಕೆ ಕುದಿಸಿದ. ಪಟಿಕ ಹಾಕಿ, ಆರಲಿ ಎಂದು ಬಿಟ್ಟು, ಅಗಸರ ಮನೆಯಿಂದ ಪಂಚೆ ತರಲು ಹೋದ. ಬಂದು ಮಬ್ಬು ಬೆಳಕಿನ ತಟ್ಟಿಮನೆಯಲ್ಲಿ ಮಡಕೆಗೆ ಕಾಲಿಳಿಸಿ, ಮಗಳ ಮಗುವಿಗೆ ಏನೆಂದು ಕರೆಯುತ್ತಾರೋ ಎಂದು ಯೋಚಿಸುತ್ತ ಕೂತಲ್ಲೇ ತೂಕಡಿಸಿದ.

ಬೆಳಗ್ಗೆ ನೋಡಿದರೆ ಎರಡೂ ಪಾದ ಕಪ್ಪು. ಕೊಳೆಯ ಕಪ್ಪಲ್ಲ, ಬರೆಯುವ ಮಸಿಯ ಕಪ್ಪು. ಬೂದಿ ಹಾಕಿ ಉಜ್ಜಿದ, ಸೀಗೆಪುಡಿ ಹಾಕಿ ಉಜ್ಜಿದ, ಇಟ್ಟಿಗೆ ಚೂರಲ್ಲಿ ರಕ್ತ ಬರುವಂತೆ ತಿಕ್ಕಿದ. ಜಡ್ಡು ಕುಡಿದ ಬಣ್ಣವನ್ನು ಜಡ್ಡು ಬಿಡಲಿಲ್ಲ.

ನಗುತ್ತಲೇ ಹೊರಬಂದ ಸೀನಪ್ಪ ಗೆಳೆಯನ ಮುಖ ನೋಡಿ ಬಾಯಿ ಮುಚ್ಚಿದ.

"ತೊಳೀಲಾ, ಓಗ್ತದೆ."

"ಓಗಲ್ವಲ್ಲೋ! ಪೆರುಮಾಳು ನನ್ ಮನೆ ಆಳು ಮಾಡ್ದ ಕಣ್ಲಾ!"

ಸೀನಪ್ಪ ಅವನ ಮುಂದೆ ಕುಕ್ಕರಗಾಲಲ್ಲಿ ಕೂತು ತಾನೇ ಉಜ್ಜಿದ. ಬಲಗೈಗೆ ಅರಿವೆ ಸುತ್ತಿಕೊಂಡಿದ್ದ. ಸುತ್ತಿಗೆ ಬಿತ್ತು ಎಂದ. ಎಡಗೈಯಲ್ಲೇ, ರೈಲಿನ ಹೊತ್ತಾಗುವವರೆಗೂ ಉಜ್ಜಿದ.

ಬೌರಿಂಗ್‌ಪೇಟೆಯ ಮನೆಯ ಬಾಗಿಲಲ್ಲಿ ಬೂಟು ಕಳಚಿದಾಗ ಮೂಗು ಮುಚ್ಚಲು ಎದ್ದ ಸೆರಗುಗಳು ಅರ್ಧಕ್ಕೇ ನಿಂತವು. ವಾಸನೆ ನಿಜಕ್ಕೂ ಹೋಗಿತ್ತು. ಅದನ್ನು ಗಮನಿಸುವ ಪುರಸೊತ್ತು ಮಾತ್ರ ಯಾರಿಗೂ ಇರಲಿಲ್ಲ.

"ಬೀಗರೇ, ಅಲ್ಲೇ ನಿಂತ್ಕಳಿ," ಎಂದರು ವೆಂಕಟರತ್ನಮ್ಮ. "ಇದ್ಯಾವ ಕಾಯ್ಲೆ?"

"ಕಾಯ್ಲೆ ಅಲ್ಲ ತಾಯಿ, ಮದ್ದು..."

"ಮದ್ದೇ ಇಂಗಿದ್ರೆ ರೋಗ ಇನ್ನೆಂಗಿರ್ಬೇಕು?"

ಜಗಲಿಯ ಮೇಲೆ ಬೇರೆ ಎಲೆ ಹಾಕಿದರು. ಒಳಗೆ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಾಗ ಅವನಿಗೆ ಕೇಳಿಸಲಿಲ್ಲ. ಹೊರಡುವಾಗ ಗಂಗರತ್ನಮ್ಮ ಹೊಸ್ತಿಲ ಆಚೆ ಮಗುವನ್ನೆತ್ತಿಕೊಂಡು ನಿಂತಳು. ಬಟ್ಟೆಯಿಂದ ಹೊರಚಾಚಿದ್ದ ಒಂದು ಎಳೆಪಾದ ಕಂಡಿತು, ಅಷ್ಟೇ. ಮಾವಿನ ಚಿಗುರಿನ ಬಣ್ಣ.

ಆ ರಾತ್ರಿ ಸೀನಪ್ಪನಿಗೆ ನಡೆದದ್ದೆಲ್ಲ ಹೇಳಿದ ಚಿಕ್ಕಮುನಿಯಪ್ಪ ಮಾರನೆಯ ದಿನದಿಂದ ಮಾತು ಬಿಟ್ಟ. ಆಶ್ಚರ್ಯವೆಂದರೆ ಸೀನಪ್ಪನೂ ಬಿಟ್ಟ. ಕೇಜಿನಲ್ಲಿ ದೊರೆಯಿಲ್ಲ, ಮೇಸ್ತ್ರಿಯಿಲ್ಲ, ಕಬ್ಬಿಣದ ಸದ್ದೊಂದೇ. ಮುಂದಿನ ಭಾನುವಾರ ಬೆಳಗ್ಗೆಯೇ ಎಲ್ಲಿಗೋ ಹೋದ ಸೀನಪ್ಪ ಸಂಜೆ ರೈಲಿಗೆ ಬಂದ.

"ಎಲ್ಲಿಗ್ಲಾ ಓಗಿದ್ದೆ?" ವಾರದ ಮೇಲೆ ಚಿಕ್ಕಮುನಿಯಪ್ಪ ಬಾಯಿ ಬಿಟ್ಟ.

"ಕೆಲ್ಸ ಇತ್ತು." ಸುತ್ತಿದ ಕೈಯನ್ನು ಕಂಕುಳಲ್ಲಿ ಅಡಗಿಸಿಕೊಂಡ. "ಬರೋ ಭಾನ್ವಾರ ನಿಂಗೊಂದು ಮಾತು ಯೋಳ್ತೀನಿ. ಒಡೆಯಂಗಿದ್ರೆ ಒಡಿ, ಮಾತ್ರ ಪೂರ್ತಿ ಕೇಳಿಸ್ಕಂಡು ಒಡಿ."

ಆ ಭಾನುವಾರ ಬರಲಿಲ್ಲ. ಬುಧವಾರ ಕೆಳಗೆ ಬಂಡೆ ಸಿಡಿಯಿತು. ಮೇಲೆ ಲೈನುಗಳಲ್ಲಿ ಪಾತ್ರೆಗಳು ಗಲಗಲ ಅಲುಗಿದಾಗಲೇ ಹೆಂಗಸರೆಲ್ಲ ಗಣಿಯ ಬಾಯಿಗೆ, ಶಾಫ್ಟಿನ ಕಡೆ ಓಡಿದರು. ಮೂವರನ್ನು ಹೊರತೆಗೆದರು, ಯಾರಲ್ಲೂ ಉಸಿರಿರಲಿಲ್ಲ. ಮೂರನೆಯವನು ಸೀನಪ್ಪ. ಅವನ ಕಾಲ ಕಡೆ ಹಿಡಿದು ಮನೆಗೆ ತಂದವನು ಚಿಕ್ಕಮುನಿಯಪ್ಪನೇ.

ಗುರುವಾರ ಬೆಳಗ್ಗೆ ಮೈತೊಳೆಸುವಾಗ ಸೀನಪ್ಪನ ಹೆಂಡತಿ ಮುನಿಶಾಮಮ್ಮ ಬಲಗೈಯ ಅರಿವೆ ಬಿಚ್ಚಿದಳು. ಗಾಯವಿರಲಿಲ್ಲ. ಅಂಗೈ ಕಪ್ಪಗಿತ್ತು. ಬೆರಳ ಬುಡದಲ್ಲಿ, ಸುತ್ತಿಗೆ ಹಿಡಿದು ಹಿಡಿದು ಜಡ್ಡುಗಟ್ಟಿದ ಕಡೆ, ಮಸಿಯಂತೆ ಕಪ್ಪು. ಚೊಂಬು ಹಿಡಿದು ನಿಂತಿದ್ದ ಚಿಕ್ಕಮುನಿಯಪ್ಪ ಆ ಕೈ ನೋಡಿದ, ತನ್ನ ಕಾಲು ನೋಡಿದ. ಚೊಂಬು ಇಟ್ಟು ತಟ್ಟಿಗೆ ಒರಗಿ ಕೂತ. ಬೈಯಬೇಕಾದವನು ಎದುರಿಗೇ ಮಲಗಿದ್ದ. ಬೈಗುಳ ಗಂಟಲಲ್ಲೇ ನಿಂತು ಉರಿಯಿತು.

ಸುದ್ದಿ ಕೇಳಿ ಹನ್ನೊಂದರ ರೈಲಿಗೆ ಗಂಗರತ್ನಮ್ಮ ಬಂದಳು, ಕಂಕುಳಲ್ಲಿ ಮಗು. ಸೀನಪ್ಪನ ಕಾಲು ಮುಟ್ಟಿ ಅತ್ತು, ಅಪ್ಪನ ಪಕ್ಕ ಕೂತಳು.

"ಸೀನಪ್ಪ ಚಿಕ್ಕಪ್ಪ ಓದ ಭಾನ್ವಾರ ನಮ್ಮನೆಗೆ ಬಂದಿದ್ನಪ್ಪ."

ಅವನು ತಲೆ ಎತ್ತಿದ.

"ನಮ್ಮತ್ತೆ ಮುಂದೆ ಅಂಗೈ ಚಾಚಿ, 'ತಾಯಿ, ಇದು ರೋಗ ಅಲ್ಲ, ಮಸಿ. ಮಸಿ ಮಾಡಾಕೆ ಮೇಷ್ಟ್ರು ಆಕೋ ಅನ್ನಭೇದಿನ ತಮಾಸೆಗೆ ನಾನೇ ಈ ಕೈಲಿ ಕಷಾಯಕ್ಕೆ ಕಲಸ್ದೆ. ತೊಳುದ್ರೆ ಓಗ್ತದೆ ಅನ್ಕಂಡಿದ್ದೆ. ನನ್ ಕೈ ಕಡುದ್ರೂ ಸರಿ, ಅವನ ಮಡ್ಲಿಗೆ ಮಗು ಕೊಡಿ' ಅಂದ. ಅತ್ತೆ ಮಕ ತಿರುಗಿಸ್ಕಂಡ್ರು. ಆಮ್ಯಾಕೆ ಚಿಕ್ಕಪ್ಪ ಎದ್ದು ನಿನ್ನಂಗೇ ನಡೆದ. ಬಾಗ್ಲಲ್ಲಿ ಬೂಟು ಕಳಚ್ದ, ತಾನೇ ಮೂಸ್ದ, ತಾನೇ ಮೂರ್ಛೆ ಬಿದ್ದ. ಎದ್ದು ನಿನ್ ದನೀಲೇ 'ಕಾಯ್ಲೆ ಅಲ್ಲ ತಾಯಿ, ಮದ್ದು' ಅಂದ. ಅತ್ತೆ ಸೆರಗು ತಕ್ಕಂಡ್ರು ಕಣಪ್ಪ, ಮೂಗಿಗಲ್ಲ, ಬಾಯಿಗೆ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು. ಇವತ್ತು ಅವರೇ ಕಳಿಸಿದ್ದು. ಮಗೂನ ತಗಂಡೋಗು ಅಂತ."

ಮುನಿಶಾಮಮ್ಮ ಗಂಡನ ತಲೆದೆಸೆಯಿಂದ ಕೇಳಿದಳು, "ಎಂಗೆ ನಡೆದ್ನಮ್ಮ?"

ಗಂಗರತ್ನಮ್ಮ ಮಗುವನ್ನು ಅಪ್ಪನ ಮಡಿಲಿಗೆ ಹಾಕಿ ಎದ್ದು, ಬಲಗಡೆಗೆ ವಾಲುತ್ತ ನಾಲ್ಕು ಹೆಜ್ಜೆ ನಡೆದಳು.

ಮೊದಲು ಮುನಿಶಾಮಮ್ಮನಿಗೇ ನಗು ಬಂತು. ಅಳುವಿನ ಮಧ್ಯೆ, ಬಿಕ್ಕಿನ ಹಾಗೆ. ಸುತ್ತ ಕೂತ ಹೆಂಗಸರು ಬಾಯಿಗೆ ಸೆರಗು ತುರುಕಿಕೊಂಡರು. ಚಟ್ಟ ಕಟ್ಟುತ್ತಿದ್ದವರ ಕೈ ನಿಂತಿತು. ಮಗುವಿನ ಚಿಗುರುಪಾದ ಚಿಕ್ಕಮುನಿಯಪ್ಪನ ಕರಿಪಾದಕ್ಕೆ ತಾಗಿ ಒದೆಯಿತು. ಅವನು ಅದನ್ನು ನೋಡಿದ; ಚಾಪೆಯ ಮೇಲೆ ಅಂಗಾತವಾಗಿದ್ದ ಕಪ್ಪು ಅಂಗೈಯನ್ನು ನೋಡಿದ. ಗಂಟಲಲ್ಲಿ ನಿಂತಿದ್ದ ಬೈಗುಳ ಬೇರೇನೋ ಆಗಿ ಹೊರಬಂತು. ಬೀದಿಯ ತಮಟೆಯವರು ಬಾರಿಸುವುದನ್ನು ಬಿಟ್ಟು ತಿರುಗಿ ನೋಡುವಷ್ಟು ಜೋರಾಗಿ, ಕಣ್ಣೀರು ಮೂಗು ಒಂದಾಗಿ, ಎಲ್ಲರಿಗಿಂತ ಹೆಚ್ಚಾಗಿ, ಚಿಕ್ಕಮುನಿಯಪ್ಪ ನಕ್ಕ.